ಸ್ಟೆಪ್ನಿ ಎಲ್ಲಿಯವರೆಗೆ ಬರುತ್ತದೆ?

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರು, ಅಭಿವೃದ್ಧಿ ಅಧಿಕಾರಿಗಳು, ಸ್ವಚ್ಛ ವಾಹಿನಿಯ ಚಾಲಕಿಯರು ಮತ್ತು ಸಾರ್ವಜನಿಕರನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಪ್ರತಿಯೊಂದು ಕಾರಿನಲ್ಲಿಯೂ ಟೆಂಪೋದಲ್ಲಿಯೂ ಯಾರ ಕಣ್ಣಿಗೂ ಬೀಳದ ಒಂದು ಚಕ್ರವಿರುತ್ತದೆ. ಸಾಮಾನಿನ ಅಡಿಯಲ್ಲಿಯೋ ಚಾಸಿಯ ಕೆಳಗೋ ಅದು ವರ್ಷಗಟ್ಟಲೆ ಮಲಗಿರುತ್ತದೆ. ಅದರ ನೆನಪಾಗುವುದು ಮುಂಡಾಜೆ ದಾಟಿದ ಮೇಲೆ, ಅಥವಾ ವೇಣೂರಿನ ದಾರಿಯಲ್ಲಿ ಎರಡೂ ಕಡೆ ತೋಟಗಳಷ್ಟೇ ಇರುವ ಜಾಗದಲ್ಲಿ, ಆಟಿ ತಿಂಗಳ ಮಳೆಯ ನಡುವೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯತೊಡಗಿದಾಗ. ಆಗ ವಾಹನದಲ್ಲಿರುವ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸ್ಟೆಪ್ನಿ ಉಂಟಲ್ಲ?" ಉಂಟು ಎಂಬ ಉತ್ತರ ಸಿಕ್ಕಿದೊಡನೆ ಅರ್ಧ ಸಂಕಟ ಕಳೆದಂತಾಗುತ್ತದೆ. ಆದರೆ ಆ ಸ್ಟೆಪ್ನಿ ಎಲ್ಲಿಯವರೆಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಇಂದಿನ ಉಪನ್ಯಾಸ ಆ ಪ್ರಶ್ನೆಯನ್ನು ಕುರಿತದ್ದು.

ಸ್ಟೆಪ್ನಿ ಎಂಬುದು ಮೂಲತಃ ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬವರು 1904ರಲ್ಲಿ ಹೆಚ್ಚುವರಿ ಚಕ್ರವೊಂದನ್ನು ರೂಪಿಸಿದರು. ಅಂದಿನ ಕಾರುಗಳಿಗೆ ಬದಲಿ ಚಕ್ರವೆಂಬುದು ಇರಲಿಲ್ಲ. ಗಾಳಿ ಹೋದರೆ ದಾರಿಬದಿಯಲ್ಲಿಯೇ ಕುಳಿತು ಟೈರು ಬಿಚ್ಚಿ ಟ್ಯೂಬಿಗೆ ತೇಪೆ ಹಾಕಬೇಕಿತ್ತು. ಡೇವಿಸರ ಚಕ್ರಕ್ಕೆ ಕಡ್ಡಿಗಳಾಗಲಿ ನಡುಭಾಗವಾಗಲಿ ಇರಲಿಲ್ಲ. ಗಾಳಿ ತುಂಬಿದ ಟೈರನ್ನು ಹೊತ್ತ ಬರಿಯ ಕಬ್ಬಿಣದ ಬಳೆ ಅದು. ಗಾಳಿ ಹೋದ ಚಕ್ರವನ್ನು ಬಿಚ್ಚದೆ ಅದರ ಮಗ್ಗುಲಿಗೇ ಈ ಬಳೆಯನ್ನು ಬಿಗಿದು ವಾಹನವನ್ನು ಹೇಗೋ ಊರು ಮುಟ್ಟಿಸುವುದು ಉದ್ದೇಶವಾಗಿತ್ತು. ಎಂದರೆ, ಹುಟ್ಟಿದಂದಿನಿಂದಲೂ ಸ್ಟೆಪ್ನಿ ಒಂದು ಊರುಗೋಲು. ಆ ಹೆಸರನ್ನು ಅದು ಹುಟ್ಟಿದ ನಾಡು ಬಹುಮಟ್ಟಿಗೆ ಮರೆತಿದೆ, ಬಿ.ಸಿ.ರೋಡಿನ ಟೈರು ಅಂಗಡಿಗಳಲ್ಲಿ ಮಾತ್ರ ಅದು ಇಂದಿಗೂ ದಿನನಿತ್ಯದ ಮಾತು.

ಈಗಿನ ವಾಹನಗಳಲ್ಲಿ ಈ ಊರುಗೋಲು ಮೂರು ಬಗೆಯಾಗಿ ದೊರೆಯುತ್ತದೆ. ಮೊದಲನೆಯದು ಉಳಿದ ನಾಲ್ಕು ಚಕ್ರಗಳಷ್ಟೇ ಅಳತೆಯ, ಅದೇ ಜಾತಿಯ ಪೂರ್ಣ ಚಕ್ರ. ಹಳೆಯ ಕಾರುಗಳಲ್ಲಿ, ಜೀಪುಗಳಲ್ಲಿ, ಗೂಡ್ಸ್ ಟೆಂಪೋಗಳಲ್ಲಿ ಇರುವುದು ಇದೇ. ಎರಡನೆಯದು ಅಳತೆಯಲ್ಲಿ ಚಿಕ್ಕದು. ಕಾರಿಗೆ 16 ಇಂಚಿನ ಅಲಾಯ್ ಚಕ್ರಗಳಿದ್ದರೆ ಡಿಕ್ಕಿಯೊಳಗೆ 15 ಇಂಚಿನ ಕಬ್ಬಿಣದ ಚಕ್ರ ಇರುತ್ತದೆ; ಕೆಲವು ಕಾರುಗಳಲ್ಲಿ ಸೈಕಲ್ಲಿನದ್ದೋ ಎಂದು ಅನುಮಾನ ಬರುವಷ್ಟು ಸಪೂರ ಚಕ್ರ ಇರುತ್ತದೆ. ಇಂಥ ಚಕ್ರದ ಮೇಲೆ ಗಂಟೆಗೆ 80 ಕಿ.ಮೀ. ಮೀರಬಾರದೆಂಬ ಹಳದಿ ಅಥವಾ ಕೆಂಪು ಚೀಟಿ ಅಂಟಿಸಿರುತ್ತಾರೆ. ಸಪೂರ ಚಕ್ರಕ್ಕೆ ಸಾಮಾನ್ಯವಾಗಿ 60 ಪಿ.ಎಸ್.ಐ. ಗಾಳಿ ಬೇಕು, ಅಷ್ಟು ಬೇಕೆಂದು ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಓದದೆ ಉಳಿದ ಚಕ್ರಗಳಂತೆ ಇದಕ್ಕೂ 30 ತುಂಬಿಸಿಕೊಂಡು ಬರುವವರು ಬಹಳ. ಅಂಥವರು ಅರ್ಧ ಗಾಳಿಯ ಚಕ್ರವನ್ನು ಭದ್ರತೆಯೆಂದು ನಂಬಿ ಘಾಟಿ ಏರುತ್ತಿರುತ್ತಾರೆ.

ಮೂರನೆಯ ಬಗೆಯಲ್ಲಿ ಚಕ್ರವೇ ಇರುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2020ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ 2020ರ ಅಕ್ಟೋಬರ್ 1ರಿಂದ, ಚಾಲಕನೂ ಸೇರಿ 9 ಮಂದಿಗಿಂತ ಹೆಚ್ಚು ಕುಳಿತುಕೊಳ್ಳದ, 3.5 ಟನ್ ಒಳಗಿನ ವಾಹನಗಳಲ್ಲಿ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಮತ್ತು ಪಂಚರ್ ದುರಸ್ತಿಯ ಪೆಟ್ಟಿಗೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಆ ಪೆಟ್ಟಿಗೆಯಲ್ಲಿರುವುದು ರಂಧ್ರ ಮುಚ್ಚುವ ಅಂಟು ದ್ರವದ ಒಂದು ಬಾಟಲಿ ಮತ್ತು ಗಾಳಿ ತುಂಬುವ ಚಿಕ್ಕ ಯಂತ್ರ. ಟೈರಿನ ನೆಲ ಮುಟ್ಟುವ ಭಾಗಕ್ಕೆ ಮೊಳೆ ಚುಚ್ಚಿದ್ದರೆ, ರಂಧ್ರ 4ರಿಂದ 6 ಮಿ.ಮೀ. ಒಳಗಿದ್ದರೆ, ದ್ರವ ತನ್ನ ಕೆಲಸ ಮಾಡುತ್ತದೆ. ಟೈರಿನ ಕೆನ್ನೆ ಸೀಳಿದ್ದರೆ ಬಾಟಲಿಯನ್ನು ಪೂರ್ತಿ ಸುರಿದರೂ ಪ್ರಯೋಜನವಿಲ್ಲ. ಬಾಟಲಿಗೂ ಔಷಧಿಯಂತೆ ಅವಧಿ ಮುಗಿಯುವ ದಿನಾಂಕವಿರುತ್ತದೆ. ಹೊಸ ಕಾರು ಕೊಂಡ ಮನೆಗಳಲ್ಲಿ ಹೆಚ್ಚಿನವರು, ತಮ್ಮ ಕಾರಿಗೆ ಈ ಮೂರರಲ್ಲಿ ಯಾವುದು ಬಂದಿದೆ ಎಂಬುದನ್ನು ಡಿಕ್ಕಿಯ ಹಲಗೆ ಎತ್ತಿ ನೋಡಿರುವುದಿಲ್ಲ. ಅಂಗಡಿಯಿಂದ ಹೊರಗೆ ಬರುವಾಗ ತೆಂಗಿನಕಾಯಿ ಒಡೆದು, ನಾಲ್ಕು ಚಕ್ರದಡಿ ನಾಲ್ಕು ಲಿಂಬೆ ಇಡುತ್ತಾರೆ, ಐದನೆಯದನ್ನು ಕೇಳುವವರಿಲ್ಲ.

ಬೆಳ್ತಂಗಡಿ ತಾಲೂಕಿನ ಕೃಷಿಕರಿಗೆ ರಬ್ಬರಿನ ಸ್ವಭಾವವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಮರದಿಂದ ಹಾಲು ಇಳಿಸಿ, ಹಾಳೆ ಮಾಡಿ, ಹೊಗೆಮನೆಯಲ್ಲಿ ಒಣಗಿಸಿದವರಿಗೆ ಅದು ಬಿಸಿಲಿಗೂ ಕಾಲಕ್ಕೂ ಹೇಗೆ ಸೋಲುತ್ತದೆಂದು ತಿಳಿದಿದೆ. ಟೈರಿನ ರಬ್ಬರು ಬಳಸಿದರೂ ಮುದಿಯಾಗುತ್ತದೆ, ಬಳಸದೆ ಇಟ್ಟರೂ ಮುದಿಯಾಗುತ್ತದೆ. ಗುಂಡಿಗಳು ಪೂರ್ತಿ ಉಳಿದಿವೆ, ಒಂದು ದಿನವೂ ಓಡಿಲ್ಲ ಎಂಬ ಕಾರಣಕ್ಕೆ ಹನ್ನೆರಡು ವರ್ಷದ ಸ್ಟೆಪ್ನಿ ಹೊಸದಾಗುವುದಿಲ್ಲ. ಪ್ರತಿ ಟೈರಿನ ಮಗ್ಗುಲಲ್ಲಿ ಅದರ ಜನ್ಮದಿನವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಬೇಕು, ಹತ್ತು ವರ್ಷವಾದದ್ದನ್ನು ಸ್ಟೆಪ್ನಿಯಾಗಿದ್ದರೂ ತೆಗೆದುಹಾಕಬೇಕು ಎಂದು ತಯಾರಕರಲ್ಲಿ ಹಲವರು ಹೇಳುತ್ತಾರೆ. ಗಾಳಿಯ ವಿಚಾರವೂ ಹಾಗೆಯೇ. ಎಲ್ಲಿಯೂ ರಂಧ್ರವಿಲ್ಲದ ಟೈರಿನಿಂದಲೂ ತಿಂಗಳಿಗೆ 1ರಿಂದ 2 ಪಿ.ಎಸ್.ಐ. ಸೋರಿಹೋಗುತ್ತದೆ. 33 ತುಂಬಿಸಿ ಇಟ್ಟ ಸ್ಟೆಪ್ನಿಯಲ್ಲಿ ಹತ್ತು ತಿಂಗಳ ಬಳಿಕ 18 ಉಳಿದಿದ್ದರೆ ಆಶ್ಚರ್ಯವಿಲ್ಲ. ಕತ್ತಲಲ್ಲಿ ಕಷ್ಟಪಟ್ಟು ಚಕ್ರ ಬದಲಾಯಿಸಿ ಜಾಕ್ ಇಳಿಸಿದಾಗ ಸ್ಟೆಪ್ನಿಯೂ ಚಪ್ಪಟೆಯಾಗಿ ನೆಲಕ್ಕೆ ಕೂರುವುದನ್ನು ಕಂಡವರು ಈ ಲೆಕ್ಕವನ್ನು ಮತ್ತೆ ಮರೆಯುವುದಿಲ್ಲ. ಸ್ಟೆಪ್ನಿಗೆ ಉಳಿದ ಚಕ್ರಗಳಿಗಿಂತ ಮೂರು ನಾಲ್ಕು ಪಿ.ಎಸ್.ಐ. ಹೆಚ್ಚು ತುಂಬಿಸಿಡುವ ಹಳೆಯ ಚಾಲಕರ ರೂಢಿ ಇದೇ ಕಾರಣಕ್ಕೆ ಬಂದದ್ದು.

ಗ್ರಾಮ ಪಂಚಾಯತ್‌ಗಳ ಸ್ವಚ್ಛ ವಾಹಿನಿಗಳ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಸಂಜೀವಿನಿ ಒಕ್ಕೂಟಗಳ ಮಹಿಳೆಯರು ಈ ವಾಹನಗಳನ್ನು ಓಡಿಸುತ್ತಿದ್ದಾರೆ. ಮನೆಮನೆಯಿಂದ ಒಣ ಕಸ ಸಂಗ್ರಹಿಸುವ ವಾಹನ ಹೋಗುವ ದಾರಿಯೇ ಒಡೆದ ಗಾಜು, ತಗಡಿನ ಚೂರು, ಮಾಡಿನ ಶೀಟಿನ ಸ್ಕ್ರೂ, ಬೇಲಿ ತಂತಿಯ ದಾರಿ. ಪಂಚರ್ ಆಗುವ ಸಂಭವ ಊರಿನ ಬೇರಾವ ವಾಹನಕ್ಕಿಂತಲೂ ಇದಕ್ಕೆ ಹೆಚ್ಚು. ಇಂಥ ವಾಹನಗಳಲ್ಲಿ ಸ್ಟೆಪ್ನಿ ಚಾಸಿಯ ಕೆಳಗೆ ತೂಗುತ್ತಿರುತ್ತದೆ. ಅದನ್ನು ಹಿಡಿದಿರುವ ಬೋಲ್ಟು ಅಥವಾ ಸರಪಳಿ ಕೆಸರು, ಕಸದ ನೀರು ಮತ್ತು ಕರಾವಳಿಯ ತೇವದಿಂದ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಹಿಂದಿನ ಚಕ್ರದ ಗಾಳಿ ಹೋದರೆ ವಾಹನದ ಹಿಂಭಾಗ ಕುಸಿದು, ಕೆಳಗೆ ನುಗ್ಗಿ ಆ ಬೋಲ್ಟನ್ನು ತಲುಪುವುದೇ ದುಸ್ತರವಾಗುತ್ತದೆ. ಹೊಸ ಟೈರಿಗೆ ಹಣ ಮಂಜೂರು ಮಾಡಿಸುವಷ್ಟು ಶ್ರದ್ಧೆಯನ್ನು ಆ ಬೋಲ್ಟಿಗೆ ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ ಬಿಡುವುದಕ್ಕೂ ತೋರಿಸಬೇಕಾಗುತ್ತದೆ.

ಇನ್ನೊಂದು ಸಂಗತಿ ವೀಲ್ ಸ್ಪ್ಯಾನರಿನದ್ದು. ವಾಹನದ ಜೊತೆಗೆ ಬರುವ ಸ್ಪ್ಯಾನರಿನ ಹಿಡಿ ಗಿಡ್ಡ. ಟೈರು ಅಂಗಡಿಯಲ್ಲಿ ಗಾಳಿಯಂತ್ರದಿಂದ ಬಿಗಿದ ನಟ್ಟನ್ನು ಆ ಗಿಡ್ಡ ಹಿಡಿಯಿಂದ ತಿರುಗಿಸುವುದು ಬಲಿಷ್ಠ ಗಂಡಸರಿಗೂ ಆಗದ ಕೆಲಸ. ಎರಡಡಿ ಉದ್ದದ ಕಬ್ಬಿಣದ ಪೈಪೊಂದನ್ನು ಹಿಡಿಗೆ ತೊಡಿಸಿ ಒತ್ತಿದರೆ, ಬಲದ ಕೆಲಸವನ್ನು ಉದ್ದ ಮಾಡುತ್ತದೆ. ಚಾಲಕಿಯೊಬ್ಬರೇ ನಟ್ಟು ಸಡಿಲಿಸಬಹುದು. ಎಲ್ಲ ನಟ್ಟುಗಳನ್ನೂ ಚಕ್ರ ನೆಲದ ಮೇಲಿರುವಾಗಲೇ ಅಪ್ರದಕ್ಷಿಣವಾಗಿ ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು, ಜಾಕ್ ಏರಿಸುವುದು ಅನಂತರ. ಮೊದಲೇ ಜಾಕ್ ಏರಿಸಿ ಆಮೇಲೆ ನಟ್ಟಿನೊಡನೆ ಗುದ್ದಾಡುವವರಿಂದಲೇ ವಾಹನ ಜಾಕಿನಿಂದ ಜಾರುತ್ತದೆ. ಕೆಲವು ಕಾರುಗಳಲ್ಲಿ ಕಳ್ಳರ ಭಯಕ್ಕೆಂದು ಒಂದು ನಟ್ಟಿಗೆ ಬೇರೆಯೇ ಕೀಲಿ ಇರುತ್ತದೆ. ಆ ಕೀಲಿ ಮನೆಯ ಕಪಾಟಿನಲ್ಲಿ ಭದ್ರವಾಗಿದ್ದರೆ ದಾರಿಯಲ್ಲಿ ಚಕ್ರವೂ ಭದ್ರವಾಗಿ ಕುಳಿತಿರುತ್ತದೆ.

ಈಗ ಊರಿನಿಂದ ದೂರವಾದಾಗಿನ ಪ್ರಶ್ನೆ. ಕಾಲ್ಪನಿಕವಾದರೂ ಈ ಮೂರು ತಾಲೂಕುಗಳ ಯಾವ ಮನೆಯಲ್ಲಿಯೂ ನಡೆಯಬಹುದಾದ ಒಂದು ಪ್ರಯಾಣವನ್ನು ತೆಗೆದುಕೊಳ್ಳಬಹುದು. ಮೂಡುಬಿದಿರೆಯ ಕುಟುಂಬವೊಂದಕ್ಕೆ ಮರುದಿನ ಬೆಳಿಗ್ಗೆ ಮೂಡಿಗೆರೆಯಲ್ಲಿ ಗೃಹಪ್ರವೇಶ. ಜುಲೈ ತಿಂಗಳ ಶನಿವಾರ; ಯಜಮಾನರು ಕೆಲಸ ಮುಗಿಸಿ ಬಂದು ಹೊರಡುವಾಗ ಸಂಜೆ ನಾಲ್ಕೂವರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ಡಿಕ್ಕಿಯಲ್ಲಿ ಬಟ್ಟೆಯ ಚೀಲಗಳು, ಉಡುಗೊರೆಯ ಕಾಲುದೀಪ, ಒಂದು ಗೋಣಿ ತೆಂಗಿನಕಾಯಿ. ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಕಕ್ಕಿಂಜೆ ಬಿಟ್ಟ ಮೇಲೆ, ನೀರು ತುಂಬಿ ಸಮತಟ್ಟಾಗಿ ಕಾಣುತ್ತಿದ್ದ ಹೊಂಡಕ್ಕೆ ಮುಂದಿನ ಎಡ ಚಕ್ರ ಇಳಿಯುತ್ತದೆ. ಟೈರಿನ ಕೆನ್ನೆ ಎರಡು ಇಂಚು ಸೀಳಿದೆ. ಗೋಣಿಯೂ ಕಾಲುದೀಪವೂ ಮಳೆಗೆ ಹೊರಬರುತ್ತವೆ. ಅವುಗಳ ಅಡಿಯಿಂದ ಚಿಕ್ಕ ಅಳತೆಯ ಸ್ಟೆಪ್ನಿ ಹೊರಬರುತ್ತದೆ. ಮುಕ್ಕಾಲು ಗಂಟೆಯ ಶ್ರಮದಲ್ಲಿ ಚಕ್ರ ಬದಲಾಗುತ್ತದೆ. ಗಾಳಿ ಸರಿಯಿದೆ. ಎಲ್ಲರೂ ಒದ್ದೆಯಾಗಿ ಒಳಗೆ ಕುಳಿತಿದ್ದಾರೆ. ಏಳು ಗಂಟೆ.

ಎಲ್ಲರ ಮನಸ್ಸೂ ಮುಂದಕ್ಕೆ ಎಳೆಯುವ ಗಳಿಗೆ ಇದು. ದಾರಿಯ ಬಹುಪಾಲು ಮುಗಿದಿದೆ. ಘಾಟಿ ಏರಿದರೆ ಕೊಟ್ಟಿಗೆಹಾರ, ಅಲ್ಲಿಂದ ಮೂಡಿಗೆರೆ ಹತ್ತಿರ. ಮುಹೂರ್ತ ತಪ್ಪಬಾರದೆಂದು ಅತ್ತೆಯ ಆತಂಕ. ಚಕ್ರದ ಚೀಟಿಯಲ್ಲಿ 80 ಕಿ.ಮೀ. ಎಂದಿದೆ, ಘಾಟಿಯಲ್ಲಿ ಯಾರೂ 40 ದಾಟುವುದಿಲ್ಲ, ಅಂದ ಮೇಲೆ ಭಯವೇನು ಎಂಬುದು ಯಜಮಾನರ ವಾದ.

ಆ ವಾದದಲ್ಲಿ ದೋಷವಿದೆ. ಘಾಟಿಯಲ್ಲಿ ಟೈರಿನ ಪರೀಕ್ಷೆ ನಡೆಯುವುದು ವೇಗದಿಂದಲ್ಲ, ತಿರುವಿನಿಂದ, ಬ್ರೇಕಿನಿಂದ, ಒದ್ದೆ ನೆಲದ ಹಿಡಿತದಿಂದ. ಎಡಕ್ಕೆ ಚಿಕ್ಕ ಚಕ್ರ, ಬಲಕ್ಕೆ ದೊಡ್ಡ ಚಕ್ರ ಇರುವ ಕಾರು ಬ್ರೇಕು ಒತ್ತಿದಾಗ ಒಂದು ಮಗ್ಗುಲಿಗೆ ವಾಲುತ್ತದೆ. ಮುಂದಿನ ಚಕ್ರಗಳಿಂದ ಎಳೆಯುವ ಕಾರಿನಲ್ಲಿ, ಸುತ್ತಳತೆ ಬೇರೆಯಾದ ಎರಡು ಚಕ್ರಗಳ ವ್ಯತ್ಯಾಸವನ್ನು ಡಿಫರೆನ್ಷಿಯಲ್ ನೇರ ದಾರಿಯಲ್ಲಿಯೂ ಬಿಡುವಿಲ್ಲದೆ ಸರಿದೂಗಿಸುತ್ತ ಬಿಸಿಯಾಗುತ್ತದೆ. ಅದಕ್ಕಾಗಿಯೇ ಚಿಕ್ಕ ಸ್ಟೆಪ್ನಿಯನ್ನು ಇಂಥ ಕಾರುಗಳ ಹಿಂದಕ್ಕೆ ಹಾಕಿ, ಹಿಂದಿನ ಪೂರ್ಣ ಚಕ್ರವನ್ನು ಮುಂದಕ್ಕೆ ತರುವುದು ಲೇಸೆಂದು ಬಲ್ಲವರು ಹೇಳುತ್ತಾರೆ. ಆದರೆ ಅದಕ್ಕೆ ಎರಡು ಸಲ ಜಾಕ್ ಏರಿಸಬೇಕು. ಕತ್ತಲೆಯ ತಿರುವಿನಲ್ಲಿ ಎರಡು ಸಲ ಜಾಕ್ ಏರಿಸುವ ಸಾಹಸಕ್ಕಿಂತ, ಮೆಲ್ಲನೆ ಸಮತಟ್ಟಾದ ಬೆಳಕಿನ ಜಾಗ ತಲುಪಿ ಅಲ್ಲಿ ಬದಲಾಯಿಸುವುದೇ ವಿವೇಕ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕದ ವಿಷಯ. ಸ್ಟೆಪ್ನಿ ಹಾಕಿದ ಕ್ಷಣದಿಂದ ಆ ಕಾರಿಗೆ ಸ್ಟೆಪ್ನಿ ಇಲ್ಲ. ಕಕ್ಕಿಂಜೆಯ ವರೆಗೆ ಐದು ಚಕ್ರಗಳಿಂದ ಬಂದವರು ಮುಂದಿನ ಘಾಟಿಯನ್ನು ನಾಲ್ಕೇ ಚಕ್ರಗಳಿಂದ, ಅದರಲ್ಲಿಯೂ ಒಂದು ಕುಂಟು ಚಕ್ರದಿಂದ ಏರಬೇಕು. ಚಾರ್ಮಾಡಿಯಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ದಾರಿಯಲ್ಲಿ ಕಾಡು, ಪ್ರಪಾತ ಮತ್ತು ತಿರುವುಗಳಿವೆ. ಪಂಚರ್ ಅಂಗಡಿ ಇಲ್ಲ, ಬಹುಭಾಗದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. 2019ರ ಆಗಸ್ಟಿನ ಮಳೆಗೆ ಇದೇ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ಮಳೆಗಾಲದ ರಾತ್ರಿ ಗುಡ್ಡದ ಬುಡದಲ್ಲಿ ನಿಂತ ವಾಹನದೊಳಗೆ ವೃದ್ಧೆಯೂ ಮಕ್ಕಳೂ ಕುಳಿತಿರುವುದನ್ನು ಯಾವ ಮುಹೂರ್ತದೊಡನೆಯೂ ತೂಗಲಾಗದು. ಹಿಂದಕ್ಕೆ ತಿರುಗಿದರೆ ಅರ್ಧ ಗಂಟೆಯೊಳಗೆ ಉಜಿರೆ. ಅಲ್ಲಿ ಟೈರು ಅಂಗಡಿಗಳಿವೆ, ತಂಗಲು ಕೋಣೆಗಳಿವೆ. ಅಂಗಡಿ ಮುಚ್ಚಿದ್ದರೂ ಬೆಳಿಗ್ಗೆ ಕಾರನ್ನು ಅಲ್ಲಿಯೇ ಬಿಟ್ಟು, ಧರ್ಮಸ್ಥಳದ ಕಡೆಯಿಂದ ಬಂದು ಘಾಟಿ ಏರುವ ಸಾರಿಗೆ ಬಸ್ಸು ಹಿಡಿಯಬಹುದು. ಸ್ಟೆಪ್ನಿ ಈ ಕುಟುಂಬಕ್ಕೆ ಕೊಟ್ಟದ್ದು ಉಜಿರೆಗೆ ಮರಳುವ ಅವಕಾಶವನ್ನು. ಮೂಡಿಗೆರೆ ಅದರ ವ್ಯಾಪ್ತಿಗೆ ಸೇರಿದ್ದಲ್ಲ.

ಇದೇ ಲೆಕ್ಕ ಬೇರೆ ದಾರಿಗಳಿಗೂ ಅನ್ವಯಿಸುತ್ತದೆ. ಬಿ.ಸಿ.ರೋಡಿನಿಂದ ಬೆಂಗಳೂರಿಗೆ ಹೊರಟವರಿಗೆ ಮಾಣಿ, ಉಪ್ಪಿನಂಗಡಿ, ನೆಲ್ಯಾಡಿಯವರೆಗೆ ಅಂಗಡಿಗಳ ಆಸರೆಯಿದೆ. ಶಿರಾಡಿ ಘಾಟಿ ಹತ್ತಿದ ಮೇಲೆ ಸಕಲೇಶಪುರವೇ ಗತಿ. ಮೂಡುಬಿದಿರೆಯಿಂದ ಶೃಂಗೇರಿಗೆ ಹೋಗುವವರಿಗೆ ಬಜಗೋಳಿ ದಾಟಿದರೆ ಕುದುರೆಮುಖದ ಕಾಡು. ಹೊರಡುವ ಮುನ್ನ ದಾರಿಯಲ್ಲಿ ಸಿಗುವ ಕೊನೆಯ ಟೈರು ಅಂಗಡಿಯ ಊರು ಯಾವುದೆಂದು ತಿಳಿದುಕೊಂಡವರು, ಆ ಊರಿನ ಆಚೆ ಈಚೆ ಎಂಬ ಒಂದೇ ಅಳತೆಯಿಂದ ನಿರ್ಧಾರ ಮಾಡಬಲ್ಲರು.

ಗಾಳಿ ಹೋದ ಟೈರಿನ ಮೇಲೆ ಓಡಿಸುವ ವಿಚಾರದಲ್ಲಿಯೂ ತಪ್ಪು ತಿಳಿವಳಿಕೆಯಿದೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದು ಕಂಡರೆ ಕೀಳಲು ಹೋಗಬಾರದು; ಮೊಳೆಯೇ ರಂಧ್ರದ ಬಿರಡೆಯಾಗಿ ಗಾಳಿಯನ್ನು ತಡೆದಿರುತ್ತದೆ. ಗಾಳಿ ನೋಡಿ, ಬೇಕಿದ್ದರೆ ತುಂಬಿಸಿ, ಮೆಲ್ಲನೆ ಅಂಗಡಿಗೆ ಒಯ್ಯಬಹುದು. ಪೂರ್ತಿ ಚಪ್ಪಟೆಯಾದ ಟೈರಿನ ಮೇಲೆ ಒಂದು ಕಿ.ಮೀ. ಓಡಿಸಿದರೂ ಒಳಗಿನ ಪದರ ಹುಡಿಯಾಗಿ, ತೇಪೆಯಲ್ಲಿ ಮುಗಿಯಬೇಕಾದ ಕೆಲಸ ಹೊಸ ಟೈರಿನ ಖರ್ಚಿಗೆ ಬರುತ್ತದೆ. ಇದಕ್ಕೆ ಅಪವಾದ ಒಂದೇ. ವಾಹನ ನಿಂತ ಜಾಗ ಪ್ರಾಣಕ್ಕೆ ಅಪಾಯದ್ದಾದರೆ ಟೈರು ಹಾಳಾದರೂ ಚಿಂತೆಯಿಲ್ಲವೆಂದು ತಿರುವು ದಾಟಿಸಿ, ಹಿಂದಿನಿಂದ ಬರುವವರಿಗೆ ದೂರದಿಂದ ಕಾಣುವಲ್ಲಿಗೆ ಒಯ್ದು ನಿಲ್ಲಿಸಬೇಕು.

ನಿಲ್ಲಿಸಿದ ಮೇಲೆ ಮೊದಲ ಕೆಲಸ ಮಕ್ಕಳನ್ನೂ ಹಿರಿಯರನ್ನೂ ಇಳಿಸಿ ರಸ್ತೆಯಿಂದ ದೂರ, ಗುಡ್ಡದ ಬುಡವಲ್ಲದ ಕಡೆ ನಿಲ್ಲಿಸುವುದು. ಹಿಂದಿನ ದೀಪಕ್ಕೆ ಅಡ್ಡವಾಗಿ ನಿಂತು ಟಾರ್ಚು ಹಿಡಿಯುವ ಹಿತೈಷಿಗಳಿಂದ ವಾಹನದ ದೀಪವೇ ಮರೆಯಾಗುತ್ತದೆ. ರಾತ್ರಿ ಚಕ್ರ ಬದಲಿಸುವಾಗ ಡಿಕ್ಕಿ ಹೊಡೆಸಿಕೊಳ್ಳುವ ಸಂಭವ ಹೆಚ್ಚಿರುವುದು ವಾಹನದ ಹಿಂದೆ ನಿಂತವರಿಗೆ. ಕೆಂಪು ತ್ರಿಕೋನವನ್ನು ವಾಹನದಿಂದ ಐವತ್ತು ಹೆಜ್ಜೆಯಾದರೂ ಹಿಂದೆ, ತಿರುವಿದ್ದರೆ ತಿರುವಿನ ಆಚೆಗೆ ಇಡಬೇಕು. ತ್ರಿಕೋನವಿಲ್ಲದ ಲಾರಿಯವರು ಸೊಪ್ಪಿನ ಗೆಲ್ಲು ಮುರಿದು ಹಾಕುತ್ತಾರೆ. ಅದು ಒಳ್ಳೆಯ ಪದ್ಧತಿ. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನೂ ಸುತ್ತ ಜೋಡಿಸಿದ ಕಲ್ಲುಗಳನ್ನೂ ಅಲ್ಲಿಯೇ ಬಿಟ್ಟು ಹೊರಟುಹೋಗುವುದು ಮಾತ್ರ ಅಕ್ಷಮ್ಯ. ಆ ಕಲ್ಲಿಗೆ ಮುಂದಿನ ಗಂಟೆಯಲ್ಲಿ ಬೈಕಿನವನೊಬ್ಬ ಬಲಿಯಾದರೆ ಅದಕ್ಕೆ ಹೊಣೆ ಯಾರೆಂದು ಕೇಳುವವರೂ ಇರುವುದಿಲ್ಲ.

ಜಾಕಿಗೆ ಗಟ್ಟಿ ನೆಲ ಬೇಕು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ ಈ ಸೀಮೆಯಲ್ಲಿ ರಸ್ತೆಯಂಚಿನ ಕೆಂಪು ಮಣ್ಣು ಜೂನ್ ಕಳೆದ ಮೇಲೆ ಕಲಸಿದ ಹಿಟ್ಟಿನಂತಿರುತ್ತದೆ. ಕಾರು ಏರುವ ಬದಲು ಜಾಕೇ ಇಳಿಯುತ್ತದೆ. ಒಂದಡಿ ಚೌಕದ ದಪ್ಪ ಮರದ ಹಲಗೆಯೊಂದು ಡಿಕ್ಕಿಯಲ್ಲಿದ್ದರೆ ಸಾಕು. ಮುರಕಲ್ಲನ್ನು ಜಾಕಿನಡಿ ಇಡುವವರಿದ್ದಾರೆ. ನೀರು ಕುಡಿದ ಮುರಕಲ್ಲು ಭಾರಕ್ಕೆ ಒಡೆಯುತ್ತದೆ, ಅದನ್ನು ಎದುರು ಮೂಲೆಯ ಚಕ್ರಕ್ಕೆ ತಡೆಯಾಗಿ ಕೊಡಬಹುದಷ್ಟೆ. ಸ್ಟೆಪ್ನಿ ಹಾಕಿದ ಮೇಲೆ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯುವುದು, 50 ಕಿ.ಮೀ. ಓಡಿದ ಬಳಿಕ ಇಳಿದು ಮತ್ತೊಮ್ಮೆ ಬಿಗಿ ನೋಡುವುದು ಬಲ್ಲವರ ಕ್ರಮ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ಯಾವುದೇ ತುರ್ತಿಗೆ 112 ಸಂಖ್ಯೆಗಳಿವೆ.

ದ್ವಿಚಕ್ರ ವಾಹನದವರಿಗೆ ಸ್ಟೆಪ್ನಿಯ ಭಾಗ್ಯವಿಲ್ಲ. ಹಿಂದಿನ ತಲೆಮಾರಿನ ಸ್ಕೂಟರುಗಳ ಮುಂದಿನ ಹಿಂದಿನ ಚಕ್ರಗಳೆರಡೂ ಒಂದೇ ಅಳತೆಯವಾದ್ದರಿಂದ ಬೆನ್ನಿಗೊಂದು ಸ್ಟೆಪ್ನಿ ಹೊತ್ತಿರುತ್ತಿದ್ದವು. ಇಂದಿನ ಬೈಕಿಗೆ ವಾಮದಪದವಿನಲ್ಲಿಯೋ ಶಿರ್ತಾಡಿಯಲ್ಲಿಯೋ ರಾತ್ರಿ ಪಂಚರ್ ಆದರೆ ಗೂಡ್ಸ್ ರಿಕ್ಷಾ ಕರೆಯಿಸಿ ಏರಿಸುವುದೊಂದೇ ದಾರಿ. ಟ್ಯೂಬಿನ ಬೈಕನ್ನು ಹಾಗೆಯೇ ತಳ್ಳಿಕೊಂಡೋ ಓಡಿಸಿಕೊಂಡೋ ಹೋದರೆ ವಾಲ್ವಿನ ಬುಡದಲ್ಲಿ ಟ್ಯೂಬು ಹರಿದು ತೇಪೆಗೂ ಸಲ್ಲದಾಗುತ್ತದೆ. ಬೈಕುಗಳ ಮತ್ತು ರಿಕ್ಷಾಗಳ ಟೈರಿನ ಗುಂಡಿ 0.8 ಮಿ.ಮೀ.ಗಿಂತಲೂ, ಕಾರುಗಳದ್ದು 1.6 ಮಿ.ಮೀ.ಗಿಂತಲೂ ಕಡಿಮೆಯಾಗಬಾರದೆಂಬುದು ನಿಯಮ. ಕರಾವಳಿಯ ಮಳೆಗೆ ಆ ಕನಿಷ್ಠ ಮಿತಿಯನ್ನು ಮುಟ್ಟುವವರೆಗೆ ಕಾಯುವುದು ಅತಿಯಾದ ಉಳಿತಾಯ.

ಪಂಚಾಯತ್‌ಗಳು ಮಾಡಬಹುದಾದದ್ದೂ ಉಂಟು. ಗ್ರಾಮೀಣ ಕಾಂಕ್ರೀಟು ರಸ್ತೆಗಳನ್ನು ಮಾಡಿ ಇಕ್ಕೆಲದಲ್ಲಿ ಮಣ್ಣು ತುಂಬಿಸದೆ ಬಿಟ್ಟರೆ ಆರು ಇಂಚಿನ ಚೂಪು ಅಂಚು ಉಳಿಯುತ್ತದೆ. ಎದುರಿನ ವಾಹನಕ್ಕೆ ದಾರಿ ಬಿಟ್ಟು ಕೆಳಗಿಳಿದ ಕಾರು ಮರಳಿ ಹತ್ತುವಾಗ ಅದೇ ಅಂಚು ಟೈರಿನ ಕೆನ್ನೆಯನ್ನು ಕೊಯ್ಯುತ್ತದೆ. ದುರಸ್ತಿಯೇ ಸಾಧ್ಯವಿಲ್ಲದ ಗಾಯವೆಂದರೆ ಅದು. ಕಾಮಗಾರಿಯ ಅಂದಾಜಿನಲ್ಲಿ ಅಂಚಿನ ಮಣ್ಣು ಸೇರಿದೆಯೇ, ಬಿಲ್ಲಿಗೆ ಮುನ್ನ ಅದು ತುಂಬಿದೆಯೇ ಎಂದು ವಾರ್ಡಿನ ಸದಸ್ಯರು ನಿಂತು ನೋಡಬಹುದು. ಸ್ವಚ್ಛ ವಾಹಿನಿಯ ಲಾಗ್ ಪುಸ್ತಕದಲ್ಲಿ ಕಿಲೋಮೀಟರು, ಡೀಸೆಲುಗಳ ಪಕ್ಕ ಸ್ಟೆಪ್ನಿಯ ಗಾಳಿಗೊಂದು ಅಂಕಣ ಎಳೆಯಲು ಯಾರ ಮಂಜೂರಾತಿಯೂ ಬೇಡ. ತಡರಾತ್ರಿ ಕರೆದರೂ ಬರುವ ಪಂಚರ್ ಕೆಲಸದವರ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಂದ ಪಂಚಾಯತ್‌ನ ಸೂಚನಾ ಫಲಕದಲ್ಲಿಯೂ ಗ್ರಂಥಾಲಯದಲ್ಲಿಯೂ ಹಾಲಿನ ಸೊಸೈಟಿಯಲ್ಲಿಯೂ ಬರೆದು ಹಾಕಿದರೆ ಹಾದಿಹೋಕರಿಗೂ ಉಪಕಾರ, ಆ ಕೆಲಸದವರಿಗೂ ಉಪಕಾರ.

ತೆಗೆದುಹಾಕಿದ ಹಳೆಯ ಟೈರನ್ನು ಕೊಟ್ಟಿಗೆಯ ಹಿಂದೆ ಒರಗಿಸಿಡುವ ಅಭ್ಯಾಸದ ಬಗ್ಗೆ ಆರೋಗ್ಯ ಇಲಾಖೆಯವರು ಪ್ರತಿ ಮಳೆಗಾಲವೂ ಎಚ್ಚರಿಸುತ್ತಾರೆ. ಅದರೊಳಗೆ ನಿಂತ ಒಂದು ಲೋಟ ನೀರು ಡೆಂಗಿ ಹರಡುವ ಸೊಳ್ಳೆಗೆ ಸಾಕಾಗುತ್ತದೆ. ಇಂಥ ಟೈರುಗಳನ್ನು ಸ್ವಚ್ಛ ವಾಹಿನಿ ಬಂದ ದಿನವೇ ಒಪ್ಪಿಸುವುದು ಉಚಿತ.

ಉಪನ್ಯಾಸದ ಬಳಿಕ ಅಂಗಳದಲ್ಲಿ ಸ್ಟೆಪ್ನಿ ಇಳಿಸುವ ಪ್ರಾತ್ಯಕ್ಷಿಕೆ ನಡೆಯಲಿದೆ. ಸ್ವಚ್ಛ ವಾಹಿನಿಯ ಚಾಲಕಿಯರು ತಮ್ಮ ವಾಹನಗಳನ್ನು ಸಮತಟ್ಟಾದ ಕಡೆ ತಂದು, ಹ್ಯಾಂಡ್‌ಬ್ರೇಕು ಹಾಕಿ ನಿಲ್ಲಿಸಬೇಕಾಗಿ ಕೋರಲಾಗಿದೆ. ಸ್ವಂತ ಕಾರಿನಲ್ಲಿ ಬಂದವರು ಡಿಕ್ಕಿಯ ಸಾಮಾನು ತೆಗೆದು, ಹಲಗೆ ಎತ್ತಿ, ಅಲ್ಲಿ ಏನಿದೆ ಎಂಬುದನ್ನು ಮೊದಲು ನೋಡಿಕೊಂಡು ಬರಬಹುದು. ಗಾಳಿ ನೋಡುವ ಮೀಟರು ಲಭ್ಯವಿದೆ.